ಕೈ ಕೆಸರಾದರೆ ಬಾಯಿ ಪಾದರಸ

ಹಾರ್ಲಿಕ್ಸ್ ಬಾಟಲಿಯಲ್ಲಿ ಕೆಸರು ತುಂಬಿಕೊಂಡು ಅಜ್ಜರೊಬ್ಬರು ಸಾರ್ವಜನಿಕ ಅಹವಾಲು ಸಭೆಗೆ ಬಂದಿದ್ದರು. ಯಾವ ಬಂದರು, ಯಾವ ವಿಸ್ತರಣೆ ಯೋಜನೆ ಎಂದು ಕೇಳಬೇಡಿ. ಹೆಸರು ಹೇಳಿದರೆ ಮಾನನಷ್ಟ ಮೊಕದ್ದಮೆ ಬೀಳುತ್ತದೆ. ನಷ್ಟವಾಗುವಷ್ಟು ಮಾನ ಎಲ್ಲಿತ್ತು ಎಂದು ವಾದಿಸುವುದಕ್ಕೆ ವಕೀಲರ ಫೀಸು ನನ್ನ ಹತ್ತಿರ ಇಲ್ಲ. ಕರಾವಳಿಯವರಿಗೆ ಈ ಸಭೆಗಳ ನಕ್ಷೆ ಬಾಯಿಪಾಠ. ಒಂದು ಶಾಮಿಯಾನ, ನಾಲ್ಕು ನೂರು ಪ್ಲಾಸ್ಟಿಕ್ ಕುರ್ಚಿ, ವೇದಿಕೆಯಲ್ಲಿ ಬೆನ್ನಿಗೆ ಬಿಳಿ ಟವೆಲ್ ಹೊದ್ದ ಆರು ಕುರ್ಚಿ, ಹಿಂಬದಿಯಲ್ಲಿ ಒಂದು ಪೊಲೀಸ್ ವ್ಯಾನು, ಎದುರಿಗೆ ಉಪ್ಪಿಟ್ಟು ಮತ್ತು ಚಾ. ಯೋಜನೆಯ ಪರವಾಗಿ ಮಾತಾಡುವವರು ಮೊದಲೇ ಉಪ್ಪಿಟ್ಟು ತಿಂದಿರುತ್ತಾರೆ. ವಿರೋಧಿಸುವವರು ಸರತಿಯಲ್ಲಿ ನಿಂತು ನಿಂತು, ತಮ್ಮ ಪಾಳಿ ಬರುವಾಗ ಉಪ್ಪಿಟ್ಟೂ ಮುಗಿದಿರುತ್ತದೆ, ಮೈಕೂ ಕೆಟ್ಟಿರುತ್ತದೆ.

ಅಜ್ಜ ವೇದಿಕೆಯ ಮೇಜಿನ ಮೇಲೆ ಬಾಟಲಿ ಇಟ್ಟರು. ಮೇಲೆ ನಾಲ್ಕು ಬೆರಳು ನೀರು, ಕೆಳಗೆ ಕಾಡಿಗೆಯಂಥ ಕಪ್ಪು. ಮುಚ್ಚಳ ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಬಂತು. ಟವೆಲ್ ಕುರ್ಚಿಗಳು ಒಂದಡಿ ಹಿಂದೆ ಸರಿದವು.

"ಏನಿದು?" ಅಧಿಕಾರಿ ಕೇಳಿದರು.

"ಕೆಸರು ಸ್ವಾಮೀ. ನಮ್ಮ ಬಲೆಗೆ ಹತ್ತಿಕೊಂಡು ಬಂದದ್ದು. ಇದರಲ್ಲಿ ಎಂತೆಲ್ಲ ಉಂಟು ಅಂತ ನೀವು ಹೇಳ್ಬೇಕು."

ಅಧಿಕಾರಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎರಡೂ ಕಡೆ ಮೂಗು ಮುಚ್ಚಿಕೊಂಡವರೇ ಇದ್ದರು. "ಅಜ್ಜಾ, ಅಹವಾಲು ಲಿಖಿತವಾಗಿ ಕೊಡಬೇಕು. ಬಾಟಲಿಯನ್ನೆಲ್ಲ ರೆಕಾರ್ಡಿಗೆ ತೆಗೆದುಕೊಳ್ಳಲು ಬರುವುದಿಲ್ಲ."

"ಬರೆದದ್ದು ಅದರೊಳಗೇ ಉಂಟಲ್ಲ ಸ್ವಾಮೀ."

ಸಭೆ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಸಮುದ್ರತಳದ ಹೂಳಿನ ಬಗ್ಗೆ ಓದತೊಡಗಿದ ಮೇಲೆ ಗೊತ್ತಾಯಿತು, ಆ ದಿನ ಶಾಮಿಯಾನದಡಿ ವಿಜ್ಞಾನ ಮಾತಾಡಿದವರು ಅಜ್ಜ ಒಬ್ಬರೇ.

ಬಂದರು ಎಂಬ ಕಚೇರಿಯಲ್ಲಿ ಲಂಚ ಮುಟ್ಟದ, ರಜೆ ಹಾಕದ, ವರ್ಗಾವಣೆಗೆ ಹೆದರದ ಗುಮಾಸ್ತ ಯಾರಾದರೂ ಇದ್ದರೆ ಅದು ತಳದ ಕೆಸರು. ಮೇಲಿನ ನೀರು ರಾಜಕಾರಣಿಯ ಜಾತಿಯದು. ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು, ಇಳಿತ ಬಂದರೆ ಪತ್ತೆಯೇ ಇಲ್ಲ. ಕೆಸರು ಹಾಗಲ್ಲ. ಸೀಸ, ಪಾದರಸ, ಕ್ಯಾಡ್ಮಿಯಂ, ತಾಮ್ರ, ಸತು, ಕ್ರೋಮಿಯಂ, ನಿಕ್ಕಲ್ ಇವೆಲ್ಲ ನೀರಿಗೆ ಬಿದ್ದರೂ ನೀರಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಜೇಡಿಯ ನುಣುಪು ಕಣಗಳಿಗೆ ಅಂಟಿಕೊಳ್ಳುತ್ತವೆ. ಹೊಳೆಯ ಸಿಹಿನೀರು ಕಡಲ ಉಪ್ಪುನೀರಿಗೆ ತಾಗಿದಾಗ, ಹಾಲಿಗೆ ಹುಳಿ ಬಿದ್ದಂತೆ, ಆ ಕಣಗಳು ಗರಣೆಗಟ್ಟಿ ಕೆಳಗಿಳಿಯುತ್ತವೆ. ಬಂದರಿನೊಳಗೆ ಹಡಗು ಅಲುಗದಿರಲಿ ಎಂದು ಅಲೆತಡೆ ಕಟ್ಟಿರುತ್ತೇವೆ. ಹಡಗಿನ ಜೊತೆಗೆ ಹೂಳೂ ಅಲ್ಲಿ ಅಲುಗದೆ ಕೂರುತ್ತದೆ. ವರ್ಷಕ್ಕೊಂದು ಪದರ, ಪದರಕ್ಕೊಂದು ಪುಟ. ಎಣ್ಣೆಯನ್ನಾದರೆ ಸೂಕ್ಷ್ಮಜೀವಿಗಳು ನಿಧಾನಕ್ಕೆ ತಿಂದು ಮುಗಿಸುತ್ತವೆ. ಸೀಸವನ್ನು ತಿಂದು ಮುಗಿಸುವ ಜೀವಿ ಈ ಭೂಮಿಯಲ್ಲಿ ಹುಟ್ಟಿಲ್ಲ. ಅದು ಧಾತು, ಕೊಳೆಯುವುದಿಲ್ಲ, ಸುಡುವುದಿಲ್ಲ, ನಿವೃತ್ತಿಯಾಗುವುದಿಲ್ಲ.

ನಮ್ಮ ಮಂಗಳೂರಿನ ಪಣಂಬೂರನ್ನೇ ನೋಡಿ. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಣೆಯಾಯಿತು. ಮರುವರ್ಷ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಅಲ್ಲಿಂದೀಚೆ ಅಲ್ಲಿ ಇಳಿದದ್ದು ಹತ್ತಿದ್ದು ಒಂದೇ ಎರಡೇ? ಕುದುರೆಮುಖದ ಅದಿರು ನೀರಿನಲ್ಲಿ ಕಲಸಿದ ಅಂಬಲಿಯಾಗಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಬಂತು; 2005ರ ಕೊನೆಯ ದಿನ ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿ ನಿಂತಿತು. ಕಲ್ಲಿದ್ದಲು ಬಂತು, ಗೊಬ್ಬರ ಬಂತು, ಕಚ್ಚಾತೈಲ ಬಂತು. ಲೋಕದ ಯಾವ ಬಂದರಿನಲ್ಲೇ ಆಗಲಿ ಇವೆಲ್ಲ ಬಂದರೆ ಸಹಿ ಹಾಕದೆ ಹೋಗುವುದಿಲ್ಲ. ಕಚ್ಚಾತೈಲದ ಸಹಿ ವನೇಡಿಯಂ ಮತ್ತು ನಿಕ್ಕಲ್. ಕಲ್ಲಿದ್ದಲಿನದು ಆರ್ಸೆನಿಕ್ ಮತ್ತು ಪಾದರಸ. ರಂಜಕದ ಗೊಬ್ಬರದ್ದು ಕ್ಯಾಡ್ಮಿಯಂ. ಇನ್ನು ಹೆದ್ದಾರಿಯ ಪೆಟ್ರೋಲ್ ಹೊಗೆ: ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿ 1ಕ್ಕೆ. ಅದರ ಹಿಂದಿನ ದಶಕಗಳಲ್ಲಿ ನಮ್ಮ ಅಂಬಾಸಡರ್ ಕಾರುಗಳೂ ಸ್ಕೂಟರುಗಳೂ ಉಗುಳಿದ ಸೀಸ ಮಳೆನೀರಿನಲ್ಲಿ ತೊಳೆದು ಎಲ್ಲಿಗೆ ಹೋಯಿತೆಂದರೆ, ಅಗೋ, ಅಲ್ಲಿಗೆ. ನಾವು ಮರೆತಿದ್ದೇವೆ. ಗುಮಾಸ್ತ ಮರೆತಿಲ್ಲ.

ಹಡಗಿನ ಹೊಟ್ಟೆಗೆ ಬಳಿಯುವ ಬಣ್ಣದ ಕತೆ ಇನ್ನೂ ಸ್ವಾರಸ್ಯ. ಚಿಪ್ಪುಜೀವಿಗಳು ಅಂಟಿಕೊಂಡರೆ ಹಡಗು ನಿಧಾನವಾಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಆದ್ದರಿಂದ ಟಿಬಿಟಿ ಎಂಬ ತವರದ ವಿಷವನ್ನು ಬಣ್ಣದಲ್ಲಿ ಬೆರೆಸಿದರು. 1970ರ ಹೊತ್ತಿಗೆ ಇಂಗ್ಲೆಂಡಿನ ಪ್ಲಿಮತ್ ಬಂದರಿನ ಬಳಿ ಹೆಣ್ಣು ಕಡಲಬಸವನಹುಳುಗಳಿಗೆ ಗಂಡಿನ ಅಂಗ ಬೆಳೆದದ್ದು ಕಂಡಿತು. ಕೆಲವು ವರ್ಷಗಳಲ್ಲಿ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿ ಕೃಷಿ ನೆಲಕಚ್ಚಿತು. ಫ್ರೆಂಚರು 1982ರಲ್ಲೇ ಸಣ್ಣ ದೋಣಿಗಳಿಗೆ ಈ ಬಣ್ಣ ನಿಷೇಧಿಸಿದರು. ಲೋಕಕ್ಕೆಲ್ಲ ಅನ್ವಯಿಸುವ ಒಪ್ಪಂದ ಜಾರಿಗೆ ಬರಲು 2008ರ ಸೆಪ್ಟೆಂಬರ್ ಆಯಿತು. ಬಸವನಹುಳುವಿನ ಲಿಂಗ ಬದಲಾಗಲು ಕೆಲವೇ ತಿಂಗಳು ಸಾಕು, ಸರ್ಕಾರಗಳ ಮನಸ್ಸು ಬದಲಾಗಲು ನಾಲ್ಕು ದಶಕ ಬೇಕು. ಈಗ ಆ ಬಣ್ಣದ ಜಾಗಕ್ಕೆ ತಾಮ್ರದ ಬಣ್ಣ ಬಂದಿದೆ. ತಾಮ್ರವೂ ಕೆಳಗೇ ಇಳಿಯುತ್ತದೆ, ಬೇರೆಲ್ಲಿಗೆ ಹೋದೀತು?

ಇಷ್ಟೆಲ್ಲ ಬರೆದಿಟ್ಟುಕೊಂಡ ಗುಮಾಸ್ತನನ್ನು ಏನು ಮಾಡುವುದು? ನಮ್ಮ ವ್ಯವಸ್ಥೆ ಸುಲಭದ ದಾರಿ ಹಿಡಿದಿದೆ: ಅವನನ್ನು ಏನೂ ಕೇಳದಿರುವುದು.

ಕಡಲ ನೀರಿಗೆ ನಮ್ಮಲ್ಲಿ ನಿಯಮವಿದೆ, ಇಲ್ಲವೆಂದು ಯಾರೂ ಹೇಳುವಂತಿಲ್ಲ. ನಿಯಮ ಎಂದರೆ ಮೊದಲು ಜಾತಿ ವಿಂಗಡಿಸಬೇಕಲ್ಲ! ಸಮುದ್ರವನ್ನು ಐದು ವರ್ಗ ಮಾಡಿದ್ದಾರೆ. ಮೊದಲನೆಯದು ಉಪ್ಪಿನ ಗದ್ದೆ, ಚಿಪ್ಪುಮೀನು, ಸೂಕ್ಷ್ಮ ಪರಿಸರದ ನೀರು. ಮಡಿ ಉಟ್ಟ ನೀರು. ಎರಡನೆಯದು ಸ್ನಾನದ, ಮೀನುಗಾರಿಕೆಯ ನೀರು. ಮೂರನೆಯದು ಕಾರ್ಖಾನೆ ತಂಪು ಮಾಡುವ, ದೂರದಿಂದ ನೋಡಿ ಖುಷಿಪಡುವ ನೀರು. ನಾಲ್ಕನೆಯದು ಬಂದರಿನ ನೀರು. ಐದನೆಯದು ಹಡಗು ಓಡಾಡುವ, ತ್ಯಾಜ್ಯ ಸುರಿಯುವ ನೀರು. ಊರಿನಲ್ಲಿ ಮನುಷ್ಯರಿಗೆ ಮಾಡಿದ್ದನ್ನೇ ಕಡಲಿಗೂ ಮಾಡಿದ್ದೇವೆ: ಮೇಲಿನವರ ಕೊಳೆ ಐದನೆಯವನ ಅಂಗಳಕ್ಕೆ. ಮೀನುಗಳಿಗೆ ಮಾತ್ರ ಈ ಶಾಸ್ತ್ರ ಯಾರೂ ಓದಿಸಿಲ್ಲ. ಬೆಳಿಗ್ಗೆ ನಾಲ್ಕನೇ ವರ್ಗದಲ್ಲಿ ತಿಂಡಿ ತಿಂದು ಮಧ್ಯಾಹ್ನ ಎರಡನೇ ವರ್ಗದಲ್ಲಿ ಬಲೆಗೆ ಬೀಳುತ್ತವೆ. ಮೈಲಿಗೆಯೇ ಇಲ್ಲದ ಪ್ರಾಣಿಗಳು.

ಈ ಐದು ವರ್ಗದ ಪಟ್ಟಿಯೆಲ್ಲ ನೀರಿನದು. ಬಣ್ಣ, ವಾಸನೆ, ಕರಗಿದ ಆಮ್ಲಜನಕ, ತೇಲುವ ಎಣ್ಣೆ. ಕೆಸರಿನ ಸುದ್ದಿಗೆ ಅದು ಹೋಗುವುದಿಲ್ಲ. ಆದ್ದರಿಂದ ನಮ್ಮ ಸಂಶೋಧಕರು ಹೂಳಿನ ಬಗ್ಗೆ ಬರೆಯುವಾಗ ಅಮೆರಿಕದಿಂದಲೋ ಕೆನಡಾದಿಂದಲೋ ಅಳತೆಗೋಲು ಸಾಲ ತರುತ್ತಾರೆ. ಅಮೆರಿಕದವರು 1995ರಲ್ಲಿ ಮಾಡಿಟ್ಟ ಲೆಕ್ಕದಂತೆ ಒಂದು ಕಿಲೋ ಒಣ ಕೆಸರಿನಲ್ಲಿ ಪಾದರಸ 0.15 ಮಿಲಿಗ್ರಾಂ ದಾಟಿದರೆ ಕಿವಿ ನೆಟ್ಟಗಾಗಬೇಕು, 0.71 ದಾಟಿದರೆ ತಳದ ಜೀವಿಗಳಿಗೆ ಕೇಡಾಗುವ ಸಂಭವ ಹೆಚ್ಚು. ಸೀಸಕ್ಕೆ ಆ ಎರಡು ಗೆರೆಗಳು 46.7 ಮತ್ತು 218. ಮೀನು ತಟ್ಟೆಗೆ ಬಂದ ಮೇಲೆ ಅದರಲ್ಲಿ ಎಷ್ಟು ಪಾದರಸ ಇರಬಹುದು ಎಂಬುದಕ್ಕೆ ನಮ್ಮ ಆಹಾರ ಇಲಾಖೆಯಲ್ಲೂ ಮಿತಿ ಇದೆ. ಅದು ಹುಟ್ಟಿ, ಬೆಳೆದು, ತಿಂದು, ಮಲಗಿದ ನೆಲ ಮಾತ್ರ ಯಾರ ವ್ಯಾಪ್ತಿಗೂ ಬರುವುದಿಲ್ಲ. ಮೊಳಕಾಲಿನವರೆಗೆ ಒಂದು ಇಲಾಖೆ, ಕುತ್ತಿಗೆಯಿಂದ ಮೇಲೆ ಇನ್ನೊಂದು. ನಡುವಿನ ಹೊಟ್ಟೆ ಅನಾಥ.

ಅಜ್ಜನ ಬಾಟಲಿಗೆ ಉತ್ತರವಾಗಿ ಸಲಹಾ ಸಂಸ್ಥೆಯ ತರುಣನೊಬ್ಬ ಎದ್ದು ನಿಂತು, "ಸರ್, ಸೆಡಿಮೆಂಟ್ ಕ್ವಾಲಿಟಿ ನಮ್ಮ ವರದಿಯಲ್ಲಿ ಕವರ್ ಆಗಿದೆ" ಎಂದಿದ್ದ. ತೆರೆದು ನೋಡಿದೆ. ಆರು ನೂರು ಪುಟದ ವರದಿಯಲ್ಲಿ ಗಿಳಿ, ಗೊರವಂಕ, ಓತಿಕ್ಯಾತಗಳ ಹೆಸರು ನಾಲ್ಕು ಪುಟ, ಹೂಳಿಗೆ ಅರ್ಧ ಪುಟದ ಒಂದು ಕೋಷ್ಟಕ. ಕೆಳಗೆ ಒಂದು ಸಾಲು: ಎಲ್ಲ ಅಂಶಗಳೂ ಮಿತಿಯೊಳಗಿವೆ. ಯಾರು ಹಾಕಿದ ಮಿತಿ ಎಂದು ಬರೆದಿರಲಿಲ್ಲ. ಗೆರೆಯೇ ಇಲ್ಲದ ಕಡೆ ಎಲ್ಲರೂ ಗೆರೆಯೊಳಗೇ.

ಇಂಥ ಅರ್ಧ ಪುಟ ತಯಾರಿಸುವುದು ಸುಮ್ಮನೆ ಅಂದುಕೊಳ್ಳಬೇಡಿ, ಅದೂ ಒಂದು ಪಾಕಶಾಸ್ತ್ರ. ತಳದ ಮಣ್ಣು ತೆಗೆಯಲು ಕಬ್ಬಿಣದ ದವಡೆಯಂಥ ಉಪಕರಣವೊಂದಿದೆ, ಹಗ್ಗಕ್ಕೆ ಕಟ್ಟಿ ದೋಣಿಯಿಂದ ಕೆಳಗೆ ಬಿಡುತ್ತಾರೆ. ತಳ ಮುಟ್ಟಿದರೆ ಕಚ್ಚಿಕೊಂಡು ಮೇಲೆ ಬರುತ್ತದೆ. ಎಲ್ಲಿ ಬಿಡಬೇಕು ಎಂಬುದೇ ಗುಟ್ಟು. ಲೋಹ ಹತ್ತಿಕೊಳ್ಳುವುದು ನುಣುಪು ಜೇಡಿಗೆ, ಕೂದಲೆಳೆಯ ದಪ್ಪಕ್ಕಿಂತ ಸಣ್ಣ ಕಣಗಳಿಗೆ. ದಪ್ಪ ಮರಳಿಗೆ ಅಷ್ಟಾಗಿ ಹತ್ತುವುದಿಲ್ಲ. ಜೇಡಿ ಇರುವ ಬಂದರಿನ ಮೂಲೆ ಬಿಟ್ಟು, ಅಲೆ ತೊಳೆದ ಮರಳಿನ ಮೇಲೆ ದವಡೆ ಬಿಟ್ಟರೆ ಸಮುದ್ರವೆಲ್ಲ ಶುದ್ಧ. ಬಚ್ಚಲು ಬಿಟ್ಟು ದೇವರಕೋಣೆಯ ನೆಲ ಒರೆಸಿ, ಬಟ್ಟೆ ಬೆಳ್ಳಗಿದೆ ನೋಡಿ ಎಂದ ಹಾಗೆ. ಮರಳೂ ಸಾಲದೆಂದರೆ ಪ್ರಯೋಗಾಲಯವಿದೆ. ಮಣ್ಣನ್ನು ತೀಕ್ಷ್ಣ ಆಮ್ಲದಲ್ಲಿ ಕುದಿಸಿದರೆ ಲೋಹವೆಲ್ಲ ಹೊರಗೆ ಬರುತ್ತದೆ, ಸೌಮ್ಯ ಆಮ್ಲದಲ್ಲಿ ಅದ್ದಿದರೆ ಅರ್ಧ ಒಳಗೇ ಉಳಿಯುತ್ತದೆ. ಎರಡನ್ನೂ ವಿಶ್ಲೇಷಣೆ ಎಂದೇ ಕರೆಯಬಹುದು. ಅದೂ ಕೈಕೊಟ್ಟರೆ ಸರಾಸರಿ ಎಂಬ ಆಪದ್ಬಾಂಧವನಿದ್ದಾನೆ: ಹತ್ತು ಕಡೆ ಮರಳು, ಒಂದು ಕಡೆ ವಿಷ, ಕೂಡಿಸಿ ಭಾಗಿಸಿದರೆ ಪರವಾಗಿಲ್ಲ.

ಹಾಗಿದ್ದೂ ಕ್ರೋಮಿಯಂ ಜಾಸ್ತಿ ಬಂದರೆ? ಘಟ್ಟವಿದೆಯಲ್ಲ! "ಇದು ಪಶ್ಚಿಮ ಘಟ್ಟದ ಮುರಕಲ್ಲಿನಿಂದ ಸಹಜವಾಗಿ ಬಂದದ್ದು." ಮಾತು ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣವೂ ಕ್ರೋಮಿಯಮ್ಮೂ ಹುಟ್ಟಿನಿಂದಲೇ ಇವೆ. ಹಾಗೆಂದೇ ಬಲ್ಲವರು ಬರೀ ಲೋಹದ ಅಂಕಿ ಹೇಳುವುದಿಲ್ಲ; ಅದೇ ಮಣ್ಣಿನ ಅಲ್ಯೂಮಿನಿಯಂ ಜೊತೆ ತೂಗಿ ನೋಡುತ್ತಾರೆ. ಮಣ್ಣಿನ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬೇರೆಯಾಗುತ್ತದೆ. ಕೊಳವೆ ಇಳಿಸಿ ಉದ್ದಕ್ಕೆ ಮಣ್ಣು ತೆಗೆದರೆ ಇನ್ನೂ ಚೆನ್ನ. ಸುಮಾರು 22 ವರ್ಷಕ್ಕೆ ಅರ್ಧವಾಗುವ ಸೀಸ-210 ಎಂಬ ವಿಕಿರಣದ ಗಡಿಯಾರ ಕೆಸರಿನಲ್ಲೇ ಇದೆ. ಯಾವ ಪದರ ಯಾವ ಇಸವಿಯದು ಎಂದು ಅದು ಹೇಳುತ್ತದೆ. ಬಂದರು ಬರುವ ಮೊದಲಿನ ಪದರದಲ್ಲಿ ಇಲ್ಲದ್ದು ಬಂದ ಮೇಲಿನ ಪದರದಲ್ಲಿ ಇದ್ದರೆ, ಘಟ್ಟವೇನು ಉದ್ಘಾಟನೆಯ ದಿನ ನೋಡಿಕೊಂಡು ಕರಗಲು ಶುರುಮಾಡಿತೇ? ಈ ಪ್ರಶ್ನೆ ಬಾರದಂತೆ ಮಾಡುವ ಉಪಾಯ ಸುಲಭ. ಕೊಳವೆ ಇಳಿಸಬೇಡಿ. ಮೇಲಿನ ಎರಡು ಬೆರಳು ಕೆರೆದು ತನ್ನಿ.

ಹೂಳೆತ್ತುವುದಂತೂ ಕಡತ ವರ್ಗಾವಣೆಯ ಹಬ್ಬ. ಪ್ರತಿ ಮಳೆಗಾಲ ಮುಗಿದೊಡನೆ ಬಂದರಿನ ಹಾದಿಯಲ್ಲಿ ತುಂಬಿದ ಲಕ್ಷಗಟ್ಟಲೆ ಘನ ಮೀಟರ್ ಹೂಳನ್ನು ಹೀರಿ, ಇನ್ನೊಂದಿಷ್ಟು ದೂರ ಸಮುದ್ರದಲ್ಲೇ ಸುರಿದು ಬರುತ್ತಾರೆ. ಕೋಣೆ ಗುಡಿಸಿ ಕಸವನ್ನು ಪಡಸಾಲೆಗೆ ತಳ್ಳುವ ಸೊಸೆಯನ್ನು ಅತ್ತೆ ಬೈಯುತ್ತಾಳೆ. ಇವರಿಗೆ ಟೆಂಡರ್ ಕೊಡುತ್ತಾರೆ. ಈ ಕೆಲಸದಲ್ಲಿ ಒಂದು ರಾಸಾಯನಿಕ ಸೊಗಸೂ ಇದೆ. ತಳದ ಕಪ್ಪು ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅಜ್ಜನ ಬಾಟಲಿಯ ಕೊಳೆತ ಮೊಟ್ಟೆಯ ವಾಸನೆ ನೆನಪಿದೆಯಲ್ಲ, ಅದು ಗಂಧಕದ್ದು. ಆ ಗಂಧಕ ಎಂಬ ಜೈಲರು ಸೀಸ, ತಾಮ್ರ, ಕ್ಯಾಡ್ಮಿಯಮ್ಮುಗಳಿಗೆ ಕೋಳ ತೊಡಿಸಿ ಕೂರಿಸಿರುತ್ತಾನೆ. ಹೂಳನ್ನು ಕದಡಿ ಗಾಳಿ ತಾಗಿಸಿದರೆ ಕೋಳ ಕಳಚುತ್ತದೆ, ಒಂದಷ್ಟು ಕೈದಿಗಳು ಮತ್ತೆ ನೀರಿಗೆ. ವರ್ಷಕ್ಕೊಮ್ಮೆ ಸಾಮೂಹಿಕ ಜಾಮೀನು. 2019ರ ಸೆಪ್ಟೆಂಬರಿನಲ್ಲಿ ನಮ್ಮ ಮಂಗಳೂರಿನ ಹೊರಗಡಲಲ್ಲಿ ಹೂಳೆತ್ತುವ ಹಡಗೊಂದು ತಾನೇ ಮುಳುಗಿ ತಳ ಸೇರಿತು. ಕೊಟ್ಟ ಕೆಲಸಕ್ಕೆ ಇಷ್ಟು ನಿಷ್ಠೆ ತೋರಿದ ಹಡಗನ್ನು ನಾನು ಕೇಳಿಲ್ಲ.

ಕೆಸರನ್ನು ಕೇಳದೆ ಬಿಟ್ಟರೆ ಏನಾಗುತ್ತದೆ ಎಂದು ತೋರಿಸಿಕೊಟ್ಟ ಊರು ಜಪಾನಿನ ಮಿನಮಾಟ. ಕತೆ ಹಳೆಯದು, ಶಾಲೆಯ ಪುಸ್ತಕದಲ್ಲೂ ಬಂದಿದೆ. ಪುಸ್ತಕದಲ್ಲಿ ಬಾರದ ಭಾಗಗಳೇ ನನಗೆ ಪ್ರಿಯ.

ಅಲ್ಲಿನ ಚಿಸ್ಸೊ ಎಂಬ ರಾಸಾಯನಿಕ ಕಂಪನಿ 1932ರಿಂದ ಪಾದರಸ ಬೆರೆತ ಕೊಳೆನೀರನ್ನು ಹ್ಯಕ್ಕೆನ್ ಎಂಬ ಪುಟ್ಟ ಬಂದರಿಗೆ ಬಿಡುತ್ತಿತ್ತು. ಪಾದರಸ ಹೂಳಿಗೆ, ಚಿಪ್ಪಿಗೆ, ಮೀನಿಗೆ ಇಳಿಯಿತು. ಮೊದಲು ಬೆಕ್ಕುಗಳು ಕುಣಿದು ಕುಣಿದು ಸತ್ತವು. ಬೆಕ್ಕಿಗೆ ಮತದಾನದ ಹಕ್ಕಿಲ್ಲದ್ದರಿಂದ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಮೀನುಗಾರರ ಮಕ್ಕಳು. 1956ರ ಮೇ 1ರಂದು ಕಾಯಿಲೆ ಅಧಿಕೃತವಾಗಿ ದಾಖಲಾಯಿತು, ವರದಿ ಕೊಟ್ಟವರು ಕಂಪನಿಯದೇ ಆಸ್ಪತ್ರೆಯ ವೈದ್ಯ ಹೊಸೊಕಾವಾ. ಬಂದರಿನ ಸುತ್ತ ಜನ ಸಾಯುತ್ತಿದ್ದಾರೆ ಎಂದಾಗ ಕಂಪನಿ 1958ರಲ್ಲಿ ಎಚ್ಚೆತ್ತುಕೊಂಡು ಕ್ರಮ ತೆಗೆದುಕೊಂಡಿತು: ಕೊಳವೆಯ ಬಾಯಿಯನ್ನು ಬಂದರಿನಿಂದ ನದಿಯ ಬಾಯಿಗೆ ತಿರುಗಿಸಿತು. ಕಾಯಿಲೆಯೂ ಶಿಸ್ತಾಗಿ ಆ ಕಡೆಗೆ ಹೊರಟಿತು.

ಹೊಸೊಕಾವಾ ಸುಮ್ಮನಿರಲಿಲ್ಲ. ಕಾರ್ಖಾನೆಯ ಕೊಳೆನೀರನ್ನು ಆಹಾರಕ್ಕೆ ಬೆರೆಸಿ ಬೆಕ್ಕಿಗೆ ತಿನ್ನಿಸಿದರು. 1959ರ ಅಕ್ಟೋಬರಿನಲ್ಲಿ 400ನೇ ನಂಬರಿನ ಬೆಕ್ಕು ಕುಣಿಯತೊಡಗಿತು. ಕಂಪನಿ ಆ ಪ್ರಯೋಗವನ್ನೇ ನಿಲ್ಲಿಸಿತು, ಫಲಿತಾಂಶ ಕಪಾಟು ಸೇರಿತು. ಅದೇ ವರ್ಷ ಡಿಸೆಂಬರಿನಲ್ಲಿ ನೀರು ಶುದ್ಧಿ ಮಾಡುವ ಭರ್ಜರಿ ಯಂತ್ರ ತಂದು ಉದ್ಘಾಟನೆ ಇಟ್ಟುಕೊಂಡರು. ಕಂಪನಿಯ ಅಧ್ಯಕ್ಷರು ಎಲ್ಲರೆದುರು ಶುದ್ಧವಾದ ನೀರೆಂದು ಒಂದು ಲೋಟ ಗಟಗಟ ಕುಡಿದರು. ಚಪ್ಪಾಳೆ. ಪಾದರಸದ ಕೊಳೆನೀರು ಆಗ ಆ ಯಂತ್ರದ ದಾರಿಯಲ್ಲಿ ಬರುತ್ತಲೇ ಇರಲಿಲ್ಲ ಎಂಬುದು ಬಹಳ ತಡವಾಗಿ, ಕೋರ್ಟಿನ ಮೂಲಕ ಹೊರಬಿತ್ತು. ಯಂತ್ರವಿದ್ದದ್ದು ನೀರು ತೊಳೆಯಲು ಅಲ್ಲ, ಮುಖ ತೊಳೆಯಲು. ಹಕ್ಕಿಜ್ವರ ಬಂದಾಗ ಕ್ಯಾಮೆರಾ ಮುಂದೆ ಕೋಳಿಕಾಲು ಕಡಿಯುವ ನಮ್ಮ ಮಂತ್ರಿಗಳಿಗೆ ಗುರುಪೀಠ ಎಲ್ಲಿಯದು ಎಂದು ನನಗೆ ಆಗ ತಿಳಿಯಿತು.

ಹ್ಯಕ್ಕೆನ್ ಬಂದರಿನ ಕೊಳವೆಯ ಬಾಯಲ್ಲಿ ಹೂಳು ಪರೀಕ್ಷಿಸಿದಾಗ ಟನ್ನಿಗೆ 2 ಕಿಲೋದಷ್ಟು ಪಾದರಸ ಸಿಕ್ಕಿತು. ಗಣಿ ಹಾಕಿ ತೆಗೆದರೂ ಲಾಭವಾಗುವಷ್ಟು. ಕಂಪನಿಯ ಜಾಣ್ಮೆಗೆ ಕೈಮುಗಿಯಬೇಕು: ಮುಂದೆ ಅದು ಒಂದು ಅಂಗಸಂಸ್ಥೆ ಕಟ್ಟಿ, ಆ ಹೂಳಿನಿಂದ ಪಾದರಸ ಬಸಿದು ಮಾರಿತು. ಊರಿಗೆ ವಿಷ, ಸಂಸ್ಥೆಗೆ ಸರಕು. ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರ ಸೆಪ್ಟೆಂಬರಿನಲ್ಲಿ. ಪಾದರಸ ಬಳಸುವ ಆ ವಿಧಾನವನ್ನು ಕಂಪನಿ ಕೈಬಿಟ್ಟದ್ದು ಅದೇ ವರ್ಷದ ಮೇ ತಿಂಗಳಿನಲ್ಲಿ. ಹಳೆಯ ತಂತ್ರ ಬೇಡವಾದ ಮೇಲೆ ಅದರ ಪಾಪ ಒಪ್ಪಿಕೊಳ್ಳಲು ಯಾರಿಗೆ ನಾಚಿಕೆ?

ಕೊನೆಗೆ ಗುಮಾಸ್ತನ ಬಿಲ್ಲು ಬಂತು. 1977ರಿಂದ 1990ರವರೆಗೆ ಸುಮಾರು 15 ಲಕ್ಷ ಘನ ಮೀಟರ್ ವಿಷದ ಹೂಳನ್ನು ಗೋಡೆ ಕಟ್ಟಿ ಬಂಧಿಸಿ, ಮೇಲೆ ಮಣ್ಣು ಹಾಕಿ, 58 ಹೆಕ್ಟೇರ್ ನೆಲ ಮಾಡಿದರು. ವಿಷದ ಮೀನುಗಳನ್ನು ಡ್ರಮ್ಮುಗಳಲ್ಲಿ ತುಂಬಿ ಅದೇ ನೆಲದಡಿ ಹೂತರು. ಕೊಲ್ಲಿಯ ಮೀನು ಹೊರಗೆ ಹೋಗದಿರಲಿ ಎಂದು 1974ರಲ್ಲಿ ಕಟ್ಟಿದ ಬಲೆ 1997ರವರೆಗೆ ನೀರಿನಲ್ಲೇ ಇತ್ತು. ಖರ್ಚು ಸುಮಾರು 4,850 ಕೋಟಿ ಯೆನ್. ಅಧಿಕೃತವಾಗಿ ರೋಗಿಗಳೆಂದು ಗುರುತಾದವರೇ 2,200ಕ್ಕೂ ಹೆಚ್ಚು. ಈಗ ಆ ನೆಲದ ಮೇಲೆ ಉದ್ಯಾನವಿದೆ, ಗುಲಾಬಿ ಹೂವು, ಮಕ್ಕಳ ಆಟದ ಬಯಲು. ಕೆಳಗೆ ಕಡತ ಇನ್ನೂ ತೇವವಾಗಿದೆ. ಅದನ್ನು ಸುತ್ತುವರಿದ ಉಕ್ಕಿನ ಗೋಡೆಗೂ ಒಂದು ಆಯಸ್ಸಿದೆ.

ನಮ್ಮ ಕರಾವಳಿ ಮಿನಮಾಟ ಆಗಿದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಪತ್ರಿಕೆಯಲ್ಲಿ ದೊಡ್ಡ ಶೀರ್ಷಿಕೆ ಬಂದರೆ ಮರುದಿನ ಬೀಗ ಬೀಳುವುದು ಬಂದರಿಗಲ್ಲ, ನಮ್ಮ ಮೀನು ಮಾರುವ ಅಕ್ಕನ ಬುಟ್ಟಿಗೆ. ಯಾವ ದೇಶದಲ್ಲೂ ಇದೇ ಕ್ರಮ. ಕೊಳೆ ಬಿಟ್ಟವನಿಗೆ ನೋಟಿಸು, ಮೀನು ಹಿಡಿದವನಿಗೆ ಉಪವಾಸ. ಅಕ್ಕನ ಹತ್ತಿರ ಒಂದು ದಿನ ತನಿಖೆಗೆ ಇಳಿದೆ.

"ಅಕ್ಕಾ, ಈ ನಂಗ್ ಎಲ್ಲಿಯದ್ದು?"

"ಸಮುದ್ರದ್ದು ಅಣ್ಣ. ಮತ್ತೆ ಗದ್ದೆಯದ್ದಾ?"

"ಅಲ್ಲ, ಬಂದರಿನ ಹತ್ತಿರದ್ದಾ, ದೂರದ್ದಾ ಅಂತ."

"ಮೀನಿಗೆ ಆಧಾರ್ ಕಾರ್ಡ್ ಉಂಟಾ ಅಣ್ಣ? ಬೇಕಾದ್ರೆ ತಗೊಳ್ಳಿ, ಇಲ್ಲದ್ರೆ ಹೋಗಿ. ಪ್ರಶ್ನೆ ಕೇಳ್ಲಿಕ್ಕೆ ಬರುವವ್ರು ಬೆಳಿಗ್ಗೆಯಿಂದ ನೀವು ಮೂರನೆಯವ್ರು."

ತಗೊಂಡೆ. ಬಿಡುವುದುಂಟೇ? ಬೂತಾಯಿ, ಬಂಗುಡೆಗಳು ಮೇಲಿನ ನೀರಿನಲ್ಲಿ ಗುಂಪುಗುಂಪಾಗಿ ಓಡಾಡುವ ಸಂಚಾರಿಗಳು, ತಳಕ್ಕೂ ಅವಕ್ಕೂ ನಂಟು ಕಡಿಮೆ. ನಂಗ್ ಕೆಸರಿಗೆ ಹೊಟ್ಟೆ ಹಚ್ಚಿ ಮಲಗುವ ಮೀನು. ಕಾಣೆ ಮರಳಿನಲ್ಲಿ ಮುಖ ಹುದುಗಿಸುವುದು. ಮರ್ವಾಯಿ ಎಂಬ ಚಿಪ್ಪುಜೀವಿ ಅಲ್ಲಿಯೇ ಕೂತು ನೀರು ಸೋಸಿ ಉಣ್ಣುವುದು. ಅಂದರೆ ಊರಿನ ಕೆಸರು ಹೇಗಿದೆ ಎಂದು ನಮ್ಮ ಪರವಾಗಿ ದಿನವೂ ಪರೀಕ್ಷೆ ಮಾಡುತ್ತಿರುವವರು ಇವರು, ಸಂಬಳವಿಲ್ಲದ ವಿಜ್ಞಾನಿಗಳು. ಬೊಂಡಾಸ್, ಅಂದರೆ ಸ್ಕ್ವಿಡ್ ಜಾತಿಯವು ತಮ್ಮ ಯಕೃತ್ತಿನಲ್ಲಿ ಕ್ಯಾಡ್ಮಿಯಂ ಕೂಡಿಡುವ ಸ್ವಭಾವದವು. ಭಾರತದಿಂದ ಹೋದ ಬೊಂಡಾಸಿನಲ್ಲಿ ಕ್ಯಾಡ್ಮಿಯಂ ಹೆಚ್ಚಾಯಿತೆಂದು ಯುರೋಪಿನವರು ಹಲವು ಸಲ ಎಚ್ಚರಿಕೆ ಹೊರಡಿಸಿದ್ದಾರೆ. ಅವರ ಹೊಟ್ಟೆ ಸೂಕ್ಷ್ಮ, ಅಳೆಯುತ್ತಾರೆ. ನಮ್ಮದು ಕಬ್ಬಿಣ ತಿಂದು ಅರಗಿಸುವ ಹೊಟ್ಟೆ ಎಂದು ನಾವೇ ಹೇಳಿಕೊಂಡು ಬಂದಿದ್ದೇವೆ, ಈಗ ಕ್ಯಾಡ್ಮಿಯಂ ಸೇರಿತು ಅಷ್ಟೆ.

ನಾವೇನು ಕಡಿಮೆಯೇ? ಚೌತಿ ಕಳೆದ ಮೇಲೆ ಬಣ್ಣ ಬಳಿದ ಗಣಪತಿಯನ್ನು ಕಡಲಿಗೆ ಬಿಡುವಾಗ ಆ ಹೊಳಪಿನ ಕೇಸರಿ, ಹಳದಿಯಲ್ಲಿ ಸೀಸವೋ ಕ್ರೋಮಿಯಮ್ಮೋ ಇದೆಯೇ ಎಂದು ಯಾರು ಕೇಳುತ್ತಾರೆ? ಕೇಳಿದವನು ಧರ್ಮದ್ರೋಹಿ. ದೋಣಿಗೆ ಬಣ್ಣ ಹಚ್ಚಿ ಡಬ್ಬಿ ತೊಳೆದ ನೀರನ್ನು ಧಕ್ಕೆಯ ಬದಿಗೇ ಚೆಲ್ಲುವವರು ನಮ್ಮವರೇ. ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ಹಿರಿಯರು. ನಾವು ಮೊದಲರ್ಧ ಪಾಲಿಸುತ್ತಿದ್ದೇವೆ.

ಆ ಸಭೆಯ ನಡಾವಳಿ ಮೂರು ತಿಂಗಳ ಮೇಲೆ ಕೈಗೆ ಸಿಕ್ಕಿತು. ಅದರಲ್ಲಿ ಹೀಗಿತ್ತು: ಮೀನುಗಾರರೊಬ್ಬರು ಹೂಳಿನ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸಿದರು, ಯೋಜನೆಯ ಪ್ರತಿನಿಧಿಗಳು ಸೂಕ್ತ ಉತ್ತರ ನೀಡಿದರು. ಬಾಟಲಿಯ ಉಲ್ಲೇಖವಿಲ್ಲ, ವಾಸನೆಯದಂತೂ ಇಲ್ಲವೇ ಇಲ್ಲ. ಅಜ್ಜ ಅದನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಶಾಮಿಯಾನ ಬಿಚ್ಚುವ ಹುಡುಗ ಕೆಸರನ್ನು ಚರಂಡಿಗೆ ಚೆಲ್ಲಿ ಬಾಟಲಿ ಇಟ್ಟುಕೊಂಡ. ಚರಂಡಿ ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ.

ನಿಮ್ಮೂರಿನ ಬಂದರಿಗೂ ಒಂದು ದಿನ ವಿಸ್ತರಣೆ ಯೋಜನೆ ಬರುತ್ತದೆ, ಶಾಮಿಯಾನವೂ ಏಳುತ್ತದೆ. 2006ರ ಅಧಿಸೂಚನೆಯ ಪ್ರಕಾರ ಅಹವಾಲಿಗೆ 30 ದಿನ ಮೊದಲೇ ತಿಳಿಸಬೇಕು, ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗಬೇಕು, ಸಾರಾಂಶ ಕನ್ನಡದಲ್ಲೂ ಇರಬೇಕು. ಹೋಗಿ ನೋಡಿ. ಗಿಳಿ, ಗೊರವಂಕದ ಪುಟ ಹಾರಿಸಿ, ಹೂಳಿನ ಅರ್ಧ ಪುಟ ಹುಡುಕಿ. ಸಭೆಯಲ್ಲಿ ಪಾಳಿ ಬಂದಾಗ ಭಾಷಣ ಮಾಡಬೇಡಿ, ಮೂರೇ ಮಾತು ಕೇಳಿ: ತೆಗೆದದ್ದು ಮರಳೋ ಜೇಡಿಯೋ, ಎಷ್ಟು ಆಳದ್ದು, ಮಿತಿಯೊಳಗೆ ಎಂದಿದ್ದೀರಲ್ಲ ಅದು ಯಾರ ಮಿತಿ. ಕೇಳಿದ್ದನ್ನು ಕಾಗದದಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬಾಟಲಿ ಬೇಕಿದ್ದರೆ ತನ್ನಿ, ಆದರೆ ವಾಪಸು ಮನೆಗೆ ತೆಗೆದುಕೊಂಡು ಹೋಗಿ. ಮತ್ತೆ, ಬೆಳಿಗ್ಗೆ ಬೇಗ ಹೊರಡಿ. ಉಪ್ಪಿಟ್ಟು ಹನ್ನೊಂದಕ್ಕೇ ಮುಗಿಯುತ್ತದೆ.